ಸಿದ್ದಮ್ಮನ ಕೇಸ್ ಕಾರ್ಡ್

2018ನೇ ಇಸವಿ. ಆಗ ನನಗೆ ಐವತ್ತೆಂಟು ವರ್ಷ. ಹೊಸೂರಿಗೆ ಅಂಟಿಕೊಂಡಿರುವ ಮತ್ತಿಗಿರಿಯಲ್ಲಿ ಒಂದು ಚಿಕ್ಕ ಕ್ಲಿನಿಕ್ ನಡೆಸುತ್ತಿದ್ದೆ. ನಾನು ಯಾವುದರಲ್ಲೂ ಸ್ಪೆಷಲಿಸ್ಟ್ ಅಲ್ಲ. ಜ್ವರ, ಸಕ್ಕರೆ ಕಾಯಿಲೆ, ಬಿ.ಪಿ., ಮಕ್ಕಳ ಕೆಮ್ಮು, ಫ್ಯಾಕ್ಟರಿಯಲ್ಲಿ ಬೆರಳು ಕುಯ್ದುಕೊಂಡವರಿಗೆ ಹೊಲಿಗೆ, ಇಷ್ಟೇ ನನ್ನ ವೈದ್ಯ ವೃತ್ತಿ. ಮತ್ತಿಗಿರಿಗೆ ಬರುವ ಮೊದಲು ಆರು ವರ್ಷ ಅಂಚೆಟ್ಟಿಯಾಚೆಯ ಬೆಟ್ಟದ ಸೀಮೆಯಲ್ಲಿ ಸರ್ಕಾರಿ ಕೆಲಸದಲ್ಲಿದ್ದೆ. ಆ ಪರಿಚಯದ ಮೇಲೆ ನಾಟ್ರಾಂಪಾಳ್ಯದ ಕಡೆಯ ಹತ್ತಾರು ಮನೆಗಳವರು, ಕಾಯಿಲೆ ಜೋರಾದಾಗ, ಎರಡು ಬಸ್ಸು ಬದಲಿಸಿ ನನ್ನ ಹತ್ತಿರವೇ ಬರುತ್ತಿದ್ದರು. ಈಗ ಬರೆಯುತ್ತಿರುವುದು ಅಂಥ ಒಂದು ಮನೆಯವರಿಗೆ ನಾನು ಮಾಡಿದ ಅನ್ಯಾಯದ ಬಗ್ಗೆ. ನಿವೃತ್ತಳಾಗಿ ಕೆಲವು ವರ್ಷಗಳಾದವು. ಬೇರೆ ಎಷ್ಟೋ ರೋಗಿಗಳನ್ನು ಮರೆತಿದ್ದೇನೆ. ಇವರನ್ನು ಮರೆಯಲು ಆಗಲಿಲ್ಲ.

ಮೊದಲು ಕಾರ್ಡುಗಳ ವಿಷಯ ಹೇಳಬೇಕು. ಕ್ಲಿನಿಕ್ ಶುರು ಮಾಡಿದ ದಿನದಿಂದ ಪ್ರತಿಯೊಬ್ಬ ರೋಗಿಗೂ ಒಂದು ಕೇಸ್ ಕಾರ್ಡ್ ಇಟ್ಟಿದ್ದೆ. ಅಂಗೈಯಗಲಕ್ಕಿಂತ ಸ್ವಲ್ಪ ದೊಡ್ಡದಾದ ದಪ್ಪ ಕಾಗದ. ಮೇಲೆ ಹೆಸರು, ಊರು, ವಯಸ್ಸು; ಕೆಳಗೆ ಬಂದ ದಿನ, ತೊಂದರೆ, ಕೊಟ್ಟ ಔಷಧಿ. ಹೊಸೂರಿನ ಒಂದು ಪ್ರೆಸ್ಸಿನಲ್ಲಿ ಅಚ್ಚು ಹಾಕಿಸಿದ್ದೆ. ಬರೆಯಲು ಅನುಕೂಲವಾಗಲೆಂದು ಗೆರೆಗಳನ್ನು ತೆಳು ಕೆಂಪು ಬಣ್ಣದಲ್ಲಿ ಹಾಕಿಸಿದ್ದೆ. ಹೀಗೆ ಸೇರಿದ ಕಾರ್ಡುಗಳು ಸುಮಾರು ನಾಲ್ಕು ಸಾವಿರ. ಅವಕ್ಕೆ ನಾಲ್ಕು ಕಬ್ಬಿಣದ ಬೀರುಗಳು. ಯಾವ ಕಾರ್ಡು ಎಲ್ಲಿದೆ ಎಂಬುದು ನನಗಿಂತ ಚೆನ್ನಾಗಿ ನರ್ಸ್ ಸರೋಜಮ್ಮನಿಗೆ ಗೊತ್ತಿತ್ತು. ಆಕೆ ನನ್ನ ಜೊತೆ ಹದಿನೇಳು ವರ್ಷದಿಂದ ಇದ್ದವಳು. ರೋಗಿ ಬಾಗಿಲಲ್ಲಿ ಚಪ್ಪಲಿ ಬಿಡುವಷ್ಟರಲ್ಲಿ ಕಾರ್ಡು ನನ್ನ ಮೇಜಿನ ಮೇಲಿರುತ್ತಿತ್ತು.

ಆ ವರ್ಷದ ಆರಂಭದಲ್ಲಿ ಕ್ಲಿನಿಕ್ ಇದ್ದ ಕಟ್ಟಡವನ್ನು ಕೆಡವುತ್ತೇವೆಂದು ಮಾಲೀಕರು ಹೇಳಿದರು. ಹೊಸ ಜಾಗ ಹುಡುಕುವ ಉತ್ಸಾಹ ನನಗಿರಲಿಲ್ಲ. ನಮ್ಮ ಮನೆಯ ಮುಂದಿನ ಕೋಣೆಯನ್ನೇ ಕ್ಲಿನಿಕ್ ಮಾಡಿಕೊಂಡೆ. ಅಲ್ಲಿ ಒಂದು ಮಂಚ, ಒಂದು ಮೇಜು, ಆಕ್ಸಿಜನ್ ಸಿಲಿಂಡರ್ ಇಟ್ಟರೆ ನಡೆಯಲು ಜಾಗ ಉಳಿಯುತ್ತಿತ್ತು, ಅಷ್ಟೆ. ನಾಲ್ಕು ಬೀರುಗಳಿಗೆ ಜಾಗವಿರಲಿಲ್ಲ. ಸಾಲದ್ದಕ್ಕೆ ಒಂದರ ಕೆಳಗಿನ ಅರೆಯ ಕಾರ್ಡುಗಳಿಗೆ ಗೆದ್ದಲು ಹಿಡಿದಿತ್ತು. ಎಲ್ಲವನ್ನೂ ಮನೆಯ ಕಂಪ್ಯೂಟರಿಗೆ ಸ್ಕ್ಯಾನ್ ಮಾಡಿಬಿಡೋಣ ಎಂದು ತೀರ್ಮಾನಿಸಿದೆ.

ಕಾಗದವನ್ನು ಒಂದೊಂದಾಗಿ ಗಾಜಿನ ಮೇಲಿಟ್ಟು ಮುಚ್ಚಳ ಹಾಕುವ ಸ್ಕ್ಯಾನರ್ ಅಲ್ಲ ನಾನು ತಂದದ್ದು. ಇದಕ್ಕೆ ಮೇಲಿನಿಂದ ಒಂದು ಕಟ್ಟು ಕಾರ್ಡು ಇಟ್ಟರೆ ತಾನೇ ಒಂದೊಂದನ್ನು ಎಳೆದುಕೊಂಡು, ಎರಡೂ ಬದಿಯನ್ನು ಒಟ್ಟಿಗೆ ಓದಿ, ಕೆಳಗೆ ಉದುರಿಸುತ್ತಿತ್ತು. ಇದಕ್ಕೆ ಡ್ಯೂಪ್ಲೆಕ್ಸ್ ಎನ್ನುತ್ತಾರೆ. ಕಂಪ್ಯೂಟರಿನಲ್ಲಿ ಜಾಗ ಉಳಿಯಲೆಂದು ಬಣ್ಣ ಬಿಟ್ಟು ಬ್ಲ್ಯಾಕ್ ಅಂಡ್ ವೈಟ್ ಆರಿಸಿದೆ. ಮೊದಲ ದಿನ ಬಂದ ಚಿತ್ರಗಳು ಗಲೀಜಾಗಿದ್ದವು. ಅಚ್ಚಿನ ತೆಳು ಕೆಂಪು ಗೆರೆಗಳು ಪರದೆಯ ಮೇಲೆ ಕಡುಗಪ್ಪಾಗಿ ಮೂಡಿ, ನನ್ನ ಅಕ್ಷರ ಅವುಗಳ ನಡುವೆ ಸಿಕ್ಕಿಹಾಕಿಕೊಂಡಂತೆ ಕಾಣುತ್ತಿತ್ತು. ಸೆಟ್ಟಿಂಗ್‌ಗಳನ್ನು ಹುಡುಕಿದೆ. ಕಲರ್ ಡ್ರಾಪ್‌ಔಟ್ ಎಂಬ ಒಂದು ಆಯ್ಕೆ ಸಿಕ್ಕಿತು. ನಾವು ಹೇಳಿದ ಒಂದು ಬಣ್ಣವನ್ನು ಸ್ಕ್ಯಾನರ್ ಕಾಣದಂತೆ ಮಾಡುವ ವ್ಯವಸ್ಥೆ ಅದು. ಅಚ್ಚಾದ ಫಾರಂಗಳಲ್ಲಿ ಗೆರೆ, ಚೌಕಗಳನ್ನು ಅಳಿಸಿ, ತುಂಬಿದ ಅಕ್ಷರವನ್ನು ಮಾತ್ರ ಉಳಿಸಲೆಂದೇ ಇರುವುದು. ನಾನು ಕೆಂಪು ಎಂದು ಆರಿಸಿದೆ. ಮುಂದಿನ ಕಾರ್ಡು ಹಾಲಿನಂತೆ ಬೆಳ್ಳಗೆ ಬಂತು. ಗೆರೆಗಳೇ ಇಲ್ಲ. ನನ್ನ ನೀಲಿ ಶಾಯಿಯ ಅಕ್ಷರ ಮುತ್ತಿನಂತೆ ಕಾಣುತ್ತಿತ್ತು. ಸರೋಜಮ್ಮನನ್ನು ಕರೆದು ತೋರಿಸಿದೆ. ಎಷ್ಟು ಚೆಂದ ಬಂದಿದೆ ಎಂದು ಅವಳೂ ಮೆಚ್ಚಿದಳು.

ಹತ್ತು ಕಾರ್ಡುಗಳನ್ನು ಪರದೆಯ ಮೇಲಿನ ಚಿತ್ರದೊಂದಿಗೆ ಹೋಲಿಸಿ ನೋಡಿದೆ. ಹತ್ತೂ ಸರಿಯಾಗಿದ್ದವು. ಹನ್ನೊಂದನೆಯದರಿಂದ ನೋಡಲಿಲ್ಲ.

ಮಧ್ಯಾಹ್ನ ಒಂದರಿಂದ ನಾಲ್ಕರವರೆಗೆ ಕ್ಲಿನಿಕ್ ಮುಚ್ಚಿರುತ್ತಿತ್ತು. ಆ ಹೊತ್ತಿನಲ್ಲಿ ಸರೋಜಮ್ಮ ಕಾರ್ಡು ಜೋಡಿಸುತ್ತಿದ್ದಳು, ನಾನು ಸ್ಕ್ಯಾನ್ ಮಾಡಿ ಹೆಸರು, ಊರು ಹಾಕಿ ಉಳಿಸುತ್ತಿದ್ದೆ. ಮೂರೂವರೆ ತಿಂಗಳು ಹಿಡಿಯಿತು. ಮುಗಿದ ಕಾರ್ಡುಗಳನ್ನು, ಯಾರೂ ಓದಬಾರದೆಂದು, ಒಂದೊಂದನ್ನೂ ಅಡ್ಡಲಾಗಿ ಎರಡು ತುಂಡು ಮಾಡಿ ಗೋಣಿಚೀಲಕ್ಕೆ ತುಂಬಿದೆವು. ಮೂರು ಚೀಲವಾಯಿತು. ಜೂಜುವಾಡಿಯ ಒಂದು ಗುಜರಿ ಅಂಗಡಿಯವನು ಗಾಡಿ ತಂದು ಒಯ್ದ. ಕೊನೆಯ ಚೀಲ ಹೋಗುವಾಗ ಸರೋಜಮ್ಮ ಅದನ್ನೇ ನೋಡುತ್ತಾ ನಿಂತಿದ್ದಳು. ಒಂದು ವರ್ಷವಾದರೂ ಇಟ್ಟುಕೊಂಡಿದ್ದರೆ ಆಗುತ್ತಿತ್ತೇನೋ ಎಂದಳು. ಅವಳು ಬೀರುಗಳನ್ನು ಬಿಡಲಾರದೆ ಹಾಗೆ ಹೇಳುತ್ತಿದ್ದಾಳೆ ಎಂದುಕೊಂಡು ನಕ್ಕೆ.

ಇದಾಗಿ ಎರಡು ತಿಂಗಳಿಗೆ, ಒಂದು ಶುಕ್ರವಾರ ಬೆಳಿಗ್ಗೆ ಹನ್ನೊಂದರ ಸುಮಾರಿಗೆ, ನಾಟ್ರಾಂಪಾಳ್ಯದ ಸಿದ್ದಮ್ಮನನ್ನು ಅವಳ ಅತ್ತೆ ಮಾದಮ್ಮ ಆಟೋದಲ್ಲಿ ಕರೆತಂದಳು. ಸಿದ್ದಮ್ಮನಿಗೆ ನಲವತ್ತೈದರ ಆಸುಪಾಸು. ಅವಳ ಮಗ ಮಾದೇಶ ಮತ್ತಿಗಿರಿಯಲ್ಲೇ ಮನೆ ಮಾಡಿಕೊಂಡು ಫ್ಯಾಕ್ಟರಿಗೆ ಹೋಗುತ್ತಿದ್ದ. ಅತ್ತೆ ಸೊಸೆ ಅವನ ಮನೆಗೆ ಬಂದಿದ್ದಾಗ ಬೆಳಗ್ಗೆಯಿಂದ ನೋವು ಶುರುವಾಗಿತ್ತು. ಮಾದೇಶ ಶಿಫ್ಟಿನಲ್ಲಿದ್ದ. ಎಪ್ಪತ್ತು ದಾಟಿದ ಮಾದಮ್ಮ ಒಬ್ಬಳೇ ಸೊಸೆಯನ್ನು ತಬ್ಬಿಕೊಂಡು ಮೆಟ್ಟಿಲು ಹತ್ತಿಸಿದಳು.

ಸಿದ್ದಮ್ಮನಿಗೆ ನಿಲ್ಲಲೂ ಆಗುತ್ತಿರಲಿಲ್ಲ, ಮಲಗಲೂ ಆಗುತ್ತಿರಲಿಲ್ಲ. ಬಲ ಸೊಂಟದಿಂದ ಕಿಬ್ಬೊಟ್ಟೆಗೆ ಇಳಿಯುವ ನೋವು, ನಡುನಡುವೆ ವಾಂತಿ. ಮೂತ್ರಪಿಂಡದ ಕಲ್ಲಿನ ನೋವೆಂದು ಮುಟ್ಟಿದ ಕೂಡಲೇ ಗೊತ್ತಾಗುವಂತಿತ್ತು. ಅದಕ್ಕೆ ಡೈಕ್ಲೋಫೆನಾಕ್ ಇಂಜೆಕ್ಷನ್ ಕೊಡುವುದು ವಾಡಿಕೆ. ಕಾಲು ಗಂಟೆಯಲ್ಲಿ ನೋವು ಇಳಿಯುತ್ತದೆ. ಹೊರಗೆ ಇನ್ನೂ ಎಂಟು ಜನ ಕಾಯುತ್ತಿದ್ದರು. ಸರೋಜಮ್ಮನಿಗೆ ಇಂಜೆಕ್ಷನ್ ತೆಗೆಯಲು ಹೇಳಿ, ಕಂಪ್ಯೂಟರಿನಲ್ಲಿ ಸಿದ್ದಮ್ಮನ ಕಾರ್ಡು ತೆಗೆದೆ.

ಆಗ ಮಾದಮ್ಮ ನನ್ನ ಮೇಜಿನ ಹತ್ತಿರ ಬಂದಳು.

“ಡಾಕ್ಟ್ರಮ್ಮ, ಇವಳ್ಗೆ ನೋವಿಂದು ಯಾವ್ದೋ ಒಂದು ಆಗ್ಬರಲ್ಲ ಅಂತ ನೀವೇ ಬರ್ಕೊಂಡಿದ್ರಿ. ಹಲ್ಲು ನೋವು ಬಂದಾಗ ಮಾತ್ರೆ ನುಂಗಿ ಮೊಕ ಎಲ್ಲಾ ಊದ್ಕೊಂಡಿತ್ತಲ್ಲ, ಆವಾಗ.”

ಯಾವ ಮಾತ್ರೆ ಎಂದು ಕೇಳಿದೆ. ಅವಳಿಗೆ ಗೊತ್ತಿರಲಿಲ್ಲ. ಪರದೆಯನ್ನು ಮೇಲಿನಿಂದ ಕೆಳಗಿನವರೆಗೆ ನೋಡಿದೆ. ಹಿಂಬದಿಯನ್ನೂ ನೋಡಿದೆ. ಏಳು ವರ್ಷದ ಹಿಂದೆ ಹಲ್ಲು ನೋವಿಗೆ ಬಂದದ್ದು ಇತ್ತು. ಅದಾದ ಮೇಲೆ ಒಂದು ಜ್ವರ, ಒಂದು ಕಾಲು ಉಳುಕು. ಅಲರ್ಜಿ ಎಂಬ ಪದ ಎಲ್ಲೂ ಇರಲಿಲ್ಲ.

“ಇಲ್ಲ ಅಜ್ಜಿ, ಅಂಥದ್ದೇನೂ ಬರೆದಿಲ್ಲ. ಎಲ್ಲಾ ಇದರಲ್ಲೇ ಇದೆ. ಬೇರೆ ಯಾರ ವಿಷಯವನ್ನೋ ನೀವು ನೆನಪಿಟ್ಟುಕೊಂಡಿದ್ದೀರಿ.”

“ನಂಗೆ ಓದಕ್ ಬರಲ್ಲ ತಾಯಿ. ಆದ್ರೆ ಕೆಂಪಲ್ಲಿ ಬರುದ್ರಿ. ಬೇರೇದೆಲ್ಲಾ ನೀಲಿ, ಅದೊಂದೇ ಕೆಂಪು. ಯಾಕಮ್ಮ ಕೆಂಪಲ್ಲಿ ಅಂತ ಕೇಳ್ದೆ. ಮರೀಬಾರ್ದು ಅಂತ ಅಂದ್ರಿ.”

ಆ ಮಾತನ್ನು ಅವಳು ಜೋರಾಗಿ ಹೇಳಲಿಲ್ಲ. ಬೇಡುವ ದನಿಯೂ ಅಲ್ಲ. ನಡೆದದ್ದನ್ನು ನಡೆದ ಹಾಗೆ ಹೇಳಿದಳು. ಔಷಧಿ ಒಗ್ಗದವರ ಕಾರ್ಡಿನಲ್ಲಿ ಅದನ್ನು ಕೆಂಪು ಶಾಯಿಯಲ್ಲಿ ಬರೆದು ಕೆಳಗೆ ಎರಡು ಗೆರೆ ಎಳೆಯುವುದು ನನ್ನ ವಿದ್ಯಾರ್ಥಿ ದೆಸೆಯಿಂದ ಬಂದ ಅಭ್ಯಾಸ. ಅವಳು ಹೇಳುತ್ತಿರುವುದು ನನ್ನದೇ ಅಭ್ಯಾಸವನ್ನು ಎಂದು ಆ ಕ್ಷಣದಲ್ಲಿ ಹೊಳೆಯಬೇಕಿತ್ತು. ಮಂಚದ ಮೇಲೆ ಸಿದ್ದಮ್ಮ ನರಳುತ್ತಿದ್ದಳು. ನನ್ನ ಕಣ್ಣು ಪರದೆಯ ಮೇಲೆಯೇ ಇತ್ತು. ಅಲ್ಲಿ ಎಲ್ಲವೂ ಬೆಳ್ಳಗೆ, ಚೊಕ್ಕಟವಾಗಿತ್ತು. ಮಾದಮ್ಮನಿಗೆ ಹೊರಗೆ ಕೂತಿರಲು ಹೇಳಿದೆ. ಸರೋಜಮ್ಮನ ಕೈಯಿಂದ ಸಿರಿಂಜ್ ತೆಗೆದುಕೊಂಡು ನಾನೇ ಇಂಜೆಕ್ಷನ್ ಕೊಟ್ಟೆ.

ಮೂರು ನಿಮಿಷವೂ ಆಗಿರಲಿಲ್ಲ. ಸಿದ್ದಮ್ಮ ಅಂಗೈ ಕೆರೆದುಕೊಳ್ಳತೊಡಗಿದಳು. ಆಮೇಲೆ ಕತ್ತು. ತುಟಿ ಊದಿತು. ಉಸಿರಿನ ಜೊತೆ ಸೀಟಿಯಂಥ ಸದ್ದು ಬರತೊಡಗಿತು. ಅನಫಿಲಾಕ್ಸಿಸ್ ಎಂದರೆ ಇದೇ. ಔಷಧಿಗೆ ಇಡೀ ದೇಹ ಒಮ್ಮೆಲೇ ತಿರುಗಿಬೀಳುವುದು. ರಕ್ತದೊತ್ತಡ ಕುಸಿಯುತ್ತದೆ, ಗಂಟಲು ಮುಚ್ಚಿಕೊಳ್ಳುತ್ತದೆ, ಸಾಯಲು ಹೆಚ್ಚು ಹೊತ್ತು ಬೇಕಿಲ್ಲ. ಇದಕ್ಕೆ ಮದ್ದು ಅಡ್ರಿನಲಿನ್; ಸರೋಜಮ್ಮ ನಾನು ಹೇಳುವ ಮೊದಲೇ ಅದರ ಗಾಜಿನ ಸೀಸೆ ಒಡೆದಿದ್ದಳು. ಅರ್ಧ ಎಂ.ಎಲ್. ತೊಡೆಗೆ ಚುಚ್ಚಿದೆ. ಕಾಲು ಎತ್ತರಿಸಿ, ಆಕ್ಸಿಜನ್ ಹಾಕಿ, ಸಲೈನ್ ಏರಿಸಿದೆವು. ಬಿ.ಪಿ. ಅರವತ್ತಕ್ಕೆ ಇಳಿದಿತ್ತು. ಐದು ನಿಮಿಷದ ಮೇಲೆ ಇನ್ನೊಂದು ಡೋಸ್ ಕೊಟ್ಟೆ. ಆಂಬುಲೆನ್ಸ್ ಬರುವ ಹೊತ್ತಿಗೆ ನಾಡಿ ಬೆರಳಿಗೆ ಸಿಗುವಂತಾಗಿತ್ತು. ಇಷ್ಟು ಹೊತ್ತೂ ಬಾಗಿಲ ಚೌಕಟ್ಟು ಹಿಡಿದು ಮಾದಮ್ಮ ನಿಂತಿದ್ದಳು.

ಹೊಸೂರಿನ ಒಂದು ಖಾಸಗಿ ಆಸ್ಪತ್ರೆಯ ಐ.ಸಿ.ಯು.ಗೆ ಸೇರಿಸಿದೆವು. ಡ್ಯೂಟಿ ಡಾಕ್ಟರ್ ಫಾರಂ ತುಂಬುತ್ತಾ, ಈ ಔಷಧಿಗೆ ಮೊದಲೇ ಅಲರ್ಜಿ ಇದ್ದದ್ದು ಗೊತ್ತಿತ್ತೇ ಎಂದು ತಮಿಳಿನಲ್ಲಿ ಕೇಳಿದರು. ಇಲ್ಲ ಎಂದೆ. ಅಷ್ಟು ಹೊತ್ತಿಗೆ ನನಗೆ ಒಳಗೊಳಗೇ ಸಂಶಯ ಬಂದಿತ್ತು. ಆಂಬುಲೆನ್ಸಿನಲ್ಲಿ ಬರುವಾಗಲೇ ಮಾದಮ್ಮನ ಮಾತು ಕಿವಿಯಲ್ಲಿ ತಿರುಗುತ್ತಿತ್ತು. ಆದರೂ ಇಲ್ಲ ಎಂದೆ. ಮಾದಮ್ಮ ಎರಡು ಹೆಜ್ಜೆ ದೂರದಲ್ಲಿ ನಿಂತಿದ್ದಳು. ಆ ಸೀಮೆಯವರಿಗೆ ತಮಿಳು ಬರುವುದಿಲ್ಲ ಎನ್ನುವಂತಿಲ್ಲ. ಸಂತೆ, ಕಚೇರಿ ಎಲ್ಲದರಲ್ಲೂ ಅದೇ. ಅವಳು ನನ್ನ ಮುಖ ನೋಡಿದಳು. ನಾನು ಫಾರಂ ನೋಡಿದೆ.

ಒಂದು ಗಂಟೆಯ ನಂತರ ಮಾದೇಶ ಯೂನಿಫಾರಂನಲ್ಲೇ ಓಡಿಬಂದ. ಕೆಲವರಿಗೆ ಹೀಗಾಗುತ್ತದೆ, ಮೊದಲೇ ತಿಳಿಯುವಂಥದ್ದಲ್ಲ, ಈಗ ಅಪಾಯ ದಾಟಿದೆ ಎಂದು ಹೇಳಿದೆ. ಅವನು ಬಗ್ಗಿ ನನ್ನ ಕಾಲು ಮುಟ್ಟಿದ. ನೀವಿಲ್ಲದಿದ್ದರೆ ನಮ್ಮಮ್ಮ ಉಳಿಯುತ್ತಿರಲಿಲ್ಲ ಎಂದ. ನಾನು ಹಿಂದೆ ಸರಿಯಲಿಲ್ಲ. ಬೇಡಪ್ಪ ಎನ್ನಲೂ ಇಲ್ಲ. ಮೂವತ್ತು ವರ್ಷದ ವೃತ್ತಿಯಲ್ಲಿ ನನ್ನನ್ನು ಅತಿ ಹೆಚ್ಚು ನಾಚಿಕೆಗೆ ಈಡುಮಾಡಿದ್ದು ಯಾವುದು ಎಂದು ಯಾರಾದರೂ ಕೇಳಿದರೆ, ಆ ಇಂಜೆಕ್ಷನ್ ಎಂದು ಹೇಳಲಾರೆ. ಆ ನಮಸ್ಕಾರವನ್ನು ಸುಮ್ಮನೆ ನಿಂತು ತೆಗೆದುಕೊಂಡೆನಲ್ಲ, ಅದು.

ಮರುದಿನ ಬೆಳಿಗ್ಗೆ ಕ್ಲಿನಿಕ್ ತೆರೆಯುವ ಮುಂಚೆ ಸಿದ್ದಮ್ಮನ ಕಾರ್ಡಿನ ಚಿತ್ರವನ್ನು ಮತ್ತೆ ತೆರೆದೆ. ಈ ಸಲ ಅಕ್ಷರಗಳನ್ನು ಓದದೆ, ಅಕ್ಷರವಿಲ್ಲದ ಜಾಗವನ್ನು ನೋಡಿದೆ. ಹಲ್ಲು ನೋವಿನ ಸಾಲಿಗೂ ಜ್ವರದ ಸಾಲಿಗೂ ನಡುವೆ ಎರಡು ಬೆರಳಗಲ ಖಾಲಿ ಇತ್ತು. ನಾನು ಕಾರ್ಡಿನಲ್ಲಿ ಹಾಗೆ ಜಾಗ ಬಿಡುವವಳಲ್ಲ. ಬೇರೆ ಕಾರ್ಡುಗಳನ್ನು ತೆರೆದೆ. ಐವತ್ತರಲ್ಲೋ ಅರವತ್ತರಲ್ಲೋ ಒಂದರಲ್ಲಿ ಅಂಥದೇ ಖಾಲಿ. ಮೇಜಿನ ಡ್ರಾದಲ್ಲಿ ಬಳಸದ ಕಾರ್ಡುಗಳು ಕೆಲವು ಉಳಿದಿದ್ದವು. ಒಂದರ ಮೇಲೆ ಕೆಂಪು ಪೆನ್ನಿನಲ್ಲಿ ‘ಡೈಕ್ಲೋಫೆನಾಕ್ ಕೊಡಬಾರದು’ ಎಂದು ದೊಡ್ಡದಾಗಿ ಬರೆದು, ಎರಡು ಗೆರೆ ಎಳೆದು, ಸ್ಕ್ಯಾನರಿಗೆ ಕೊಟ್ಟೆ. ಪರದೆಯ ಮೇಲೆ ಬಂದದ್ದು ಬರಿ ಬಿಳಿ ಹಾಳೆ. ಯಂತ್ರ ಕೆಟ್ಟಿರಲಿಲ್ಲ. ಕೆಂಪನ್ನು ಕಾಣಬೇಡ ಎಂದು ನಾನೇ ಹೇಳಿದ್ದೆ. ಗೆರೆಯ ಕೆಂಪು ಬೇರೆ, ಎಚ್ಚರಿಕೆಯ ಕೆಂಪು ಬೇರೆ ಎಂದು ಅದಕ್ಕೆ ಹೇಗೆ ತಿಳಿಯಬೇಕು?

ಸರೋಜಮ್ಮ ಬಂದಳು. ತೋರಿಸಿದೆ. ಮಾದಮ್ಮ ಹೇಳಿದ್ದು ನಿನಗೂ ಕೇಳಿಸಿತಲ್ಲವೇ ಎಂದು ಕೇಳಿದೆ.

“ಕೇಳುಸ್ತು ಡಾಕ್ಟ್ರೇ. ನಂಗೂ ನೆಪ್ಪಿತ್ತು ಅನ್ಸ್ತದೆ, ಆ ಊದಿದ್ ಮೊಕ. ನೀವು ಇಲ್ಲ ಅಂದ್ಬುಟ್ರಲ್ಲ. ನಾನೇನ್ ಹೇಳ್ಲಿ?”

ಅವಳು ಹೇಳಬಹುದಾಗಿತ್ತು. ಹದಿನೇಳು ವರ್ಷದಲ್ಲಿ ನಾನು ಇಲ್ಲ ಎಂದ ಮೇಲೆ ಮತ್ತೆ ಮಾತಾಡುವ ಧೈರ್ಯ ಅವಳಿಗೆ ಬರದಂತೆ ಕ್ಲಿನಿಕ್ ನಡೆಸಿದ್ದು ನಾನು. ಇದು ಆ ದಿನ ನನಗೆ ತಿಳಿದ ಎರಡನೆಯ ಸಂಗತಿ.

ಆ ಶನಿವಾರವೇ ಮಧ್ಯಾಹ್ನ ಜೂಜುವಾಡಿಗೆ ಹೋದೆ. ಗಡಿಯ ಲಾರಿಗಳ ಸಾಲಿನ ಹಿಂದೆ ಗುಜರಿ ಅಂಗಡಿ. ಕಾಗದ ವಾರಕ್ಕೊಮ್ಮೆ ಲಾರಿ ಹತ್ತುತ್ತದೆ, ನಿಮ್ಮದು ಎಂದೋ ಅರೆದು ಹೊಸ ರಟ್ಟಾಗಿರುತ್ತದೆ ಎಂದು ಅಂಗಡಿಯವನು ತಮಿಳಿನಲ್ಲಿ ಸಮಾಧಾನದಿಂದ ಹೇಳಿದ. ಆಮೇಲೆ ಏನೋ ನೆನಪಾಗಿ ಒಳಗೆ ಕರೆದ. ನನ್ನ ಕಾರ್ಡುಗಳು ದಪ್ಪ ಇದ್ದುದರಿಂದ ಒಂದಷ್ಟನ್ನು ಖಾಲಿ ಬಾಟಲಿಗಳು ಒಂದಕ್ಕೊಂದು ತಾಗದಂತೆ ನಡುವೆ ಸಿಕ್ಕಿಸಲು ಇಟ್ಟುಕೊಂಡಿದ್ದನಂತೆ. ಬಿಯರ್ ಬಾಟಲಿಗಳ ನಡುವೆ ನನ್ನ ಅಕ್ಷರ ಕಂಡಿತು. ಯಾರದೋ ಬಸಿರಿನ ತಿಂಗಳು, ಯಾರದೋ ಸಕ್ಕರೆಯ ಲೆಕ್ಕ, ಯಾರೂ ನೋಡಬಾರದೆಂದು ನಾನು ಹರಿದದ್ದು. ನೆಲದ ಮೇಲೆ ಕೂತು ಒಂದೊಂದನ್ನೇ ಎಳೆದು ತೆಗೆದೆ. ಅವನ ಹೆಂಡತಿ ಒಂದು ಸ್ಟೂಲ್ ತಂದಿಟ್ಟಳು.

ಒಟ್ಟು ನೂರಾ ನಲವತ್ತು ತುಂಡು. ಒಂಬತ್ತರ ಮೇಲೆ ಕೆಂಪು ಬರಹವಿತ್ತು. ‘ಸಲ್ಫಾ ಕೊಡಲೇಬಾರದು.’ ‘ಪೆನಿಸಿಲಿನ್, ಅಪಾಯ.’ ಆದರೆ ಅವೆಲ್ಲ ಕಾರ್ಡಿನ ಕೆಳಗಿನ ಅರ್ಧಗಳು. ಹೆಸರು ಇರುವುದು ಮೇಲಿನ ಅರ್ಧದಲ್ಲಿ. ಒಂಬತ್ತು ಎಚ್ಚರಿಕೆಗಳು ಕೈಯಲ್ಲಿದ್ದವು, ಅವು ಯಾರಿಗೆ ಎಂದು ಗೊತ್ತಿರಲಿಲ್ಲ. ಮನೆಗೆ ಬಂದು ಬರಹದ ದಿನಾಂಕಗಳನ್ನು ಕಂಪ್ಯೂಟರಿನಲ್ಲಿರುವ ನೀಲಿ ಬರಹದೊಂದಿಗೆ ಹೊಂದಿಸಿ ನೋಡಿ ಆರು ಜನರನ್ನು ಪತ್ತೆ ಹಚ್ಚಿದೆವು. ಉಳಿದ ಮೂರು ಯಾರವೆಂದು ಇವತ್ತಿಗೂ ತಿಳಿದಿಲ್ಲ.

ಸೋಮವಾರ ಸಿದ್ದಮ್ಮನನ್ನು ವಾರ್ಡಿಗೆ ತಂದಿದ್ದರು. ಅವತ್ತು ಮಧ್ಯಾಹ್ನ ಮನೆಗೆ ಕಳಿಸುವವರಿದ್ದರು. ಹೋಗುವ ದಾರಿಯಲ್ಲಿ ಏನು ಹೇಳಬೇಕೆಂದು ಮೂರು ರೀತಿ ಯೋಚಿಸಿದೆ. ಕಂಪ್ಯೂಟರ್ ದೋಷ ಎನ್ನಬಹುದಿತ್ತು. ಅದು ಪೂರ್ತಿ ಸುಳ್ಳೂ ಆಗುತ್ತಿರಲಿಲ್ಲ. ಹಳೆಯ ದಾಖಲೆಗಳನ್ನು ಅಷ್ಟು ವರ್ಷ ಇಟ್ಟುಕೊಳ್ಳಬೇಕೆಂಬ ನಿಯಮವಿಲ್ಲ ಎನ್ನಬಹುದಿತ್ತು. ಯಾರೂ ನನ್ನನ್ನು ಏನೂ ಕೇಳುತ್ತಿರಲಿಲ್ಲ, ಸುಮ್ಮನಿದ್ದರೂ ನಡೆಯುತ್ತಿತ್ತು. ಫಾರಂನಲ್ಲಿ ‘ಮೊದಲು ಗೊತ್ತಿರಲಿಲ್ಲ’ ಎಂದು ನನ್ನ ಮಾತಿನ ಮೇಲೆ ಬರೆದಾಗಿತ್ತು.

ಮೊದಲು ಡ್ಯೂಟಿ ಡಾಕ್ಟರರ ಬಳಿ ಹೋದೆ. ನನ್ನ ಮಗಳ ವಯಸ್ಸಿನ ಹುಡುಗಿ. ಶುಕ್ರವಾರ ನಾನು ಹೇಳಿದ್ದು ಸುಳ್ಳು, ಈ ರೋಗಿಗೆ ಡೈಕ್ಲೋಫೆನಾಕ್ ಅಲರ್ಜಿ ಇರುವುದು ಏಳು ವರ್ಷದ ಹಿಂದೆಯೇ ನನಗೆ ತಿಳಿದಿತ್ತು, ನನ್ನ ತಪ್ಪಿನಿಂದ ಕೊಟ್ಟೆ, ಹಾಗೆಂದೇ ಬರೆಯಿರಿ ಎಂದೆ. ಅಷ್ಟೆಲ್ಲಾ ಬೇಡ ಮೇಡಂ, ಅಲರ್ಜಿ ಇದೆ ಎಂದಷ್ಟೇ ಬರೆಯುತ್ತೇನೆ ಎಂದಳು. ಬೇಡ, ಪೂರ್ತಿ ಬರೆಯಿರಿ ಎಂದೆ. ಬರೆದಳು. ಆಮೇಲೆ ನನ್ನ ಮುಖ ನೋಡಲು ಆಕೆಗೂ ಕಷ್ಟವಾಯಿತು.

ವಾರ್ಡಿನಲ್ಲಿ ಸಿದ್ದಮ್ಮ ದಿಂಬಿಗೆ ಒರಗಿ ಗಂಜಿ ಕುಡಿಯುತ್ತಿದ್ದಳು. ಮಾದೇಶ ಎದ್ದು ತನ್ನ ಕುರ್ಚಿ ಕೊಟ್ಟ. ಕೂರಲಿಲ್ಲ. ಸ್ಕ್ಯಾನರ್, ಕೆಂಪು ಗೆರೆ, ನಾನು ಆರಿಸಿದ ಸೆಟ್ಟಿಂಗ್, ಹರಿದ ಕಾರ್ಡು, ಎಲ್ಲವನ್ನೂ ಒಂದೊಂದಾಗಿ ಹೇಳಿದೆ. ಅಜ್ಜಿ ಹೇಳಿದ್ದು ಅಕ್ಷರಕ್ಕಕ್ಷರ ನಿಜ ಎಂದೆ. ಡಾಕ್ಟರ್ ಕೇಳಿದಾಗ ನಾನು ಸುಳ್ಳು ಹೇಳಿದೆ, ನಿನಗೂ ಸುಳ್ಳು ಹೇಳಿದೆ ಮಾದೇಶ ಎಂದೆ.

ಅವನ ಮುಖ ನಿಧಾನವಾಗಿ ಬದಲಾಯಿತು. ಕೋಪ ಬಂದಿದ್ದರೆ ನನಗೆ ಸುಲಭವಾಗುತ್ತಿತ್ತು. ಶುಕ್ರವಾರ ತಾನು ಬಗ್ಗಿದ್ದು ಅವನಿಗೆ ನೆನಪಾಗುತ್ತಿದೆ ಎಂದು ನನಗೆ ಗೊತ್ತಾಯಿತು.

“ಮಿಷಿನ್ ತಪ್ಪಿರ್ಬೋದು ಮೇಡಂ, ಫ್ಯಾಕ್ಟ್ರೀಲಿ ನಾವೂ ನೋಡ್ತೀವಿ. ಸೆಟ್ಟಿಂಗು ತಪ್ಪೋಯ್ತದೆ, ಪೀಸು ಹಾಳಾಯ್ತದೆ,” ಎಂದ. “ಆಮೇಲೆ ಯಾಕ್ ಸುಳ್ ಹೇಳಿದ್ರಿ?”

“ಹೆದರಿಕೆಯಾಯಿತು,” ಎಂದೆ.

ಸಿದ್ದಮ್ಮ ಲೋಟ ಕೆಳಗಿಟ್ಟು, ಉಳಿದೆನಲ್ಲ, ಬಿಡಿ ಎಂದು ಕೈಯಾಡಿಸಿದಳು. ಅವಳ ದನಿ ಇನ್ನೂ ಒಡೆದೇ ಇತ್ತು. ಆದರೆ ಮಾದಮ್ಮ ಬಿಡಲಿಲ್ಲ. ಮಂಚದ ಕಾಲ ಬಳಿ ನೆಲದ ಮೇಲೆ ಕೂತಿದ್ದವಳು ಅಲ್ಲಿಂದಲೇ ಮಾತಾಡಿದಳು.

“ನೀವು ಮರ್ತಿದ್ದು ತಪ್ಪಲ್ಲ ತಾಯಿ. ಎಷ್ಟ್ ಜನ್ರನ್ನ ನೋಡ್ತೀರ, ಎಲ್ಲಾ ನೆಪ್ಪಿಟ್ಕೊಳ್ಳೋಕಾಯ್ತದಾ. ಆ ಪೆಟ್ಟಿಗೆ ಮರ್ತಿದ್ದೂ ತಪ್ಪಲ್ಲ. ನಾನು ಹೇಳ್ದೆ. ಎಲ್ಡ್ ಸಲ ಹೇಳ್ದೆ. ನೀವು ನನ್ ಮೊಕಾನೇ ನೋಡ್ಲಿಲ್ಲ. ಓದಕ್ ಬರ್ದೋಳು ಏನ್ ಹೇಳಾಳು ಅಂದ್ಕೊಂಡ್ರಿ. ಬೆಟ್ಟದಲ್ಲಿ ಇದ್ದಾಗ ನೀವು ಹಂಗಿರ್ಲಿಲ್ಲ.”

ಬೆಟ್ಟದಲ್ಲಿದ್ದಾಗ ನನ್ನ ಬಳಿ ಕಾರ್ಡೂ ಇರಲಿಲ್ಲ, ಕಂಪ್ಯೂಟರೂ ಇರಲಿಲ್ಲ. ಯಾರಿಗೆ ಯಾವುದು ಒಗ್ಗದು, ಯಾರ ಮನೆಯಲ್ಲಿ ಯಾವ ಕಾಯಿಲೆ ಎಂದು ಅತ್ತೆಯರನ್ನೂ ಅಜ್ಜಿಯರನ್ನೂ ಕೇಳಿಯೇ ತಿಳಿಯುತ್ತಿದ್ದೆ. ಹಾಗೆ ಕೇಳುತ್ತಿದ್ದವಳೆಂದೇ ಅವರು ಎರಡು ಬಸ್ಸು ಹತ್ತಿ ಬರುತ್ತಿದ್ದುದು.

ಅವತ್ತಿನಿಂದ ಐದು ತಿಂಗಳು ನಾನೂ ಸರೋಜಮ್ಮನೂ ಮಧ್ಯಾಹ್ನಗಳನ್ನು ಫೋನಿನ ಮುಂದೆ ಕಳೆದೆವು. ಖಾಲಿ ಜಾಗ ಕಂಡ ಕಾರ್ಡುಗಳನ್ನೆಲ್ಲ ಪಟ್ಟಿ ಮಾಡಿದ್ದೆವು. ಎಪ್ಪತ್ತೆರಡು ಹೆಸರು. ಪ್ರತಿಯೊಬ್ಬರಿಗೂ ನಾನೇ ಫೋನ್ ಮಾಡಿ, ನಿಮ್ಮ ದಾಖಲೆಯಲ್ಲಿದ್ದ ಒಂದು ಮುಖ್ಯ ವಿಷಯ ನನ್ನ ತಪ್ಪಿನಿಂದ ಅಳಿಸಿಹೋಗಿದೆ, ನಿಮಗೆ ಯಾವ ಔಷಧಿ ಒಗ್ಗುವುದಿಲ್ಲ ಎಂದು ನೆನಪಿದೆಯೇ ಎಂದು ಕೇಳುತ್ತಿದ್ದೆ. ಕೆಲವರು ಬೈದರು. ಮತ್ತಿಗಿರಿಯಲ್ಲಿ ಮಾತು ಹರಡಿ, ಬರುವವರು ಕಡಿಮೆಯಾದರು. ಫೋನ್ ನಂಬರು ಬದಲಾದವರ ಮನೆಗಳಿಗೆ ಸರೋಜಮ್ಮ ನಡೆದು ಹೋದಳು. ಆಶ್ಚರ್ಯವೆಂದರೆ ಬಹಳಷ್ಟು ಜನರಿಗೆ ನೆನಪಿತ್ತು. ಔಷಧಿಯ ಹೆಸರು ಗೊತ್ತಿಲ್ಲದವರು ಅದರ ಬಣ್ಣ, ಆಕಾರ, ಅದನ್ನು ನುಂಗಿದ ದಿನ ಮನೆಯಲ್ಲಿ ನಡೆದದ್ದು, ಎಲ್ಲ ಹೇಳಿದರು. ಅದರ ಮೇಲೆ ಔಷಧಿ ಪತ್ತೆ ಮಾಡಲು ಆಗುತ್ತಿತ್ತು. ಹನ್ನೊಂದು ಜನ ಸಿಗಲೇ ಇಲ್ಲ. ಊರು ಬಿಟ್ಟಿದ್ದರು, ಇಲ್ಲವೇ ತೀರಿಕೊಂಡಿದ್ದರು. ತೀರಿಕೊಂಡವರ ಮನೆಯಲ್ಲಿ ಯಾವುದರಿಂದ ತೀರಿಕೊಂಡರು ಎಂದು ಪ್ರತಿ ಸಲವೂ ಕೇಳಿದೆ. ನನ್ನ ಅಳಿಸಿದ ಸಾಲಿನಿಂದ ಯಾರೂ ಸತ್ತಿರಲಿಲ್ಲ, ನನಗೆ ತಿಳಿದ ಮಟ್ಟಿಗೆ. ‘ತಿಳಿದ ಮಟ್ಟಿಗೆ’ ಎಂಬ ಆ ಮಾತನ್ನು ಬಿಡುವ ಹಕ್ಕು ನನಗಿಲ್ಲ.

ಕಾಗದವನ್ನು ಕಂಪ್ಯೂಟರಿಗೆ ತುಂಬುವುದು ಬೇಡವೆಂದು ನಾನು ಹೇಳುವುದಿಲ್ಲ. ಗೆದ್ದಲು ತಿಂದ ಕಾರ್ಡಿಗಿಂತ ಸ್ಕ್ಯಾನ್ ಆದ ಕಾರ್ಡು ಮೇಲು. ಈಗ ಯಾರಾದರೂ ಕೇಳಿದರೆ, ಬಣ್ಣದಲ್ಲೇ ಮಾಡಿ, ಜಾಗದ ಆಸೆ ಬೇಡ, ಎಲ್ಲವನ್ನೂ ಮೂಲದ ಜೊತೆ ಹೋಲಿಸುವವರೆಗೆ ಮೂಲವನ್ನು ಹರಿಯಬೇಡಿ ಎನ್ನುತ್ತೇನೆ. ಅದನ್ನು ಯಾವ ತಂತ್ರಜ್ಞನೂ ಹೇಳಬಲ್ಲ. ನನ್ನ ಕೆಲಸ ನನಗೆ ಕಲಿಸಿದ್ದು ಬೇರೆ. ಬರೆದಿಟ್ಟದ್ದನ್ನು ನಂಬಿ, ಎದುರು ನಿಂತು ಹೇಳುವವರನ್ನು ನಂಬದೆ ಇರುವ ಸ್ಥಿತಿಗೆ ನಾನು ಒಂದೇ ದಿನದಲ್ಲಿ ಬಂದಿರಲಿಲ್ಲ. ಬೆಟ್ಟ ಇಳಿದು ಮತ್ತಿಗಿರಿಯಲ್ಲಿ ಕುರ್ಚಿ ಹಾಕಿ ಕೂತ ವರ್ಷಗಳಲ್ಲಿ ಸ್ವಲ್ಪ ಸ್ವಲ್ಪವಾಗಿ ಬಂದಿದ್ದೆ. ಅದನ್ನು ನನಗೆ ಕಾಣಿಸಲು ಒಬ್ಬ ಹೆಂಗಸು ನನ್ನ ಮಂಚದ ಮೇಲೆ ಉಸಿರು ಕಟ್ಟಬೇಕಾಯಿತು.

ಸಿದ್ದಮ್ಮ ಮತ್ತೆ ನನ್ನ ಬಳಿ ಬರಲಿಲ್ಲ. ಮಾದಮ್ಮನೂ ಬರಲಿಲ್ಲ. ಬರಬೇಕೆಂದು ನಾನು ಬಯಸುವುದೂ ತಪ್ಪು. ಮೂರು ವರ್ಷದ ಮೇಲೆ, ನಾನು ಕ್ಲಿನಿಕ್ ಮುಚ್ಚಿದ ಹೊಸದರಲ್ಲಿ, ಒಂದು ಬೆಳಿಗ್ಗೆ ಅಂಚೆಟ್ಟಿಯ ಕಡೆಯಿಂದ ಒಬ್ಬ ಯುವ ವೈದ್ಯರ ಫೋನ್ ಬಂತು. ಸಿದ್ದಮ್ಮ ಎಂಬವರು ಬಂದಿದ್ದಾರೆ, ಮತ್ತೆ ಕಲ್ಲಿನ ನೋವು, ಹಿಂದೆ ನಿಮ್ಮಲ್ಲಿ ಏನೋ ತೊಂದರೆಯಾಗಿತ್ತಂತೆ, ಅವರ ಹಳೆಯ ದಾಖಲೆ ನಿಮ್ಮ ಕಂಪ್ಯೂಟರಿನಲ್ಲಿದ್ದರೆ ಕಳಿಸುತ್ತೀರಾ ಎಂದು ಕೇಳಿದರು.

ಡೈಕ್ಲೋಫೆನಾಕ್ ಕೊಡಬೇಡಿ ಎಂದು ಮೊದಲು ಹೇಳಿದೆ. ಬರೆದುಕೊಂಡರು. ದಾಖಲೆಯನ್ನೂ ಕಳಿಸುವಿರಲ್ಲವೇ ಎಂದು ಮತ್ತೆ ಕೇಳಿದರು.

ಜೊತೆಯಲ್ಲಿ ಅವರ ಅತ್ತೆ ಬಂದಿದ್ದಾರೆಯೇ ಎಂದು ಕೇಳಿದೆ. ಹೌದು, ವಯಸ್ಸಾದವರೊಬ್ಬರು ಬಾಗಿಲಲ್ಲಿ ನಿಂತಿದ್ದಾರೆ ಎಂದರು.

“ಅವರನ್ನು ಒಳಗೆ ಕರೆದು ಕೂರಿಸಿ,” ಎಂದೆ. “ಅವರು ಹೇಳುವುದನ್ನು ಪೂರ್ತಿ ಕೇಳಿ, ಆಮೇಲೆ ಇಂಜೆಕ್ಷನ್ ತೆಗೆಯಿರಿ.”